ಒಂದು ಗೇಣು ಬಾಗಿಲು

ನನ್ನ ಗಂಡ ಸತ್ತ ಮೇಲೆ ನಾನು ಚೆನ್ನಾಗಿ ಕಲಿತ ವಾಕ್ಯ ಒಂದೇ: "ಒಂದ್ಸಲ ಮನೆಗೆ ಬನ್ನಿ." ಜನರನ್ನು ಸಾಗಹಾಕಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ದುಃಖ ವಿಚಾರಿಸಲು ಬಂದವರು ಏಳುವ ದಾರಿ ಕಾಣದೆ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದರು. ಅವರನ್ನು ಎಬ್ಬಿಸುವ ದಾರಿ ನನಗೂ ಗೊತ್ತಿರಲಿಲ್ಲ. "ಇನ್ನೊಂದ್ಸಲ ಬನ್ನಿ" ಎಂದುಬಿಟ್ಟರೆ ಇಬ್ಬರಿಗೂ ಬಿಡುಗಡೆ. ಆಮೇಲೆ ಬಸ್ ಸ್ಟಾಪಿನಲ್ಲಿ, ಔಷಧಿ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಯಾರಾದರೂ ನನ್ನ ಮುಖ ನೋಡಿ ತಲೆ ಓರೆ ಮಾಡಿದರೆ ಸಾಕು, ಹೇಳಿಬಿಡುತ್ತಿದ್ದೆ. ಒಂದೂವರೆ ವರ್ಷದಲ್ಲಿ ಒಬ್ಬರೂ ಬರಲಿಲ್ಲ. ಅಷ್ಟು ನಂಬಬಹುದಾದ ವಾಕ್ಯ ಅದು.

ಈ ಊರಿಗೂ ಅದನ್ನೇ ಹೊತ್ತು ತಂದೆ. ಚಿದಂಬರ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದ. ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸ ನನಗೆ ಬಂತು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದರಿಂದ ಅವನ ಹುದ್ದೆಯೇ ಬಂತು. ಅನುಕಂಪ ಖಾಲಿ ಇದ್ದದ್ದು ಈ ಊರಿನಲ್ಲಿ ಮಾತ್ರವಂತೆ. ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿ ನೆಟ್ಟಗಿದೆಯೇ ನೋಡಿ, ಮುದ್ರೆ ಒತ್ತಿ ಬರುವುದು ಕೆಲಸ. ಚಿದಂಬರ ಇದನ್ನು ಹರಟೆ ಹೊಡೆಯುತ್ತ ಮಾಡುತ್ತಿದ್ದ. ನಾನು ತಕ್ಕಡಿಯ ಮುಳ್ಳನ್ನು ನೋಡುತ್ತ ಮಾಡುತ್ತೇನೆ. ಮುಳ್ಳು ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ.

ಮೊದಲ ದಿನ ಹದಿನಾಲ್ಕು ಅಂಗಡಿ. ಪ್ರತಿಯೊಂದರಲ್ಲೂ ಮುದ್ರೆ ಒತ್ತಿದ ಮೇಲೆ ಎರಡು ಕ್ಷಣ ಏನು ಹೇಳಬೇಕೆಂದು ತಿಳಿಯದ ಒಂದು ಹಳ್ಳ ಬರುತ್ತಿತ್ತು. ಅದನ್ನು ದಾಟಲು ನನ್ನ ವಾಕ್ಯ ಹಾಕಿದೆ. ಎಣ್ಣೆ ಅಂಗಡಿಯವರ ಕೈಯಲ್ಲಿದ್ದ ಅಳತೆಪಾತ್ರೆ ತುಂಬಿ ಹೊರಗೆ ಸುರಿಯಿತು. ಬೆಲ್ಲದ ಮಂಡಿಯವರು ಎದ್ದು ಕೈಮುಗಿದರು. ಗೌರವ ಎಂದುಕೊಂಡೆ. ನನ್ನ ಗುಮಾಸ್ತ ಹಾಲೇಶ ಮೂರನೆಯ ಅಂಗಡಿಯ ನಂತರ ಒಳಗೆ ಬರುವುದನ್ನೇ ಬಿಟ್ಟು ರಸ್ತೆಯ ಆಚೆ ನಿಂತ. ಹದಿನಾಲ್ಕನೆಯದು ಹಿಟ್ಟಿನ ಗಿರಣಿ. ನಡೆಸುವವಳು ನೀಲವೇಣಿ, ನಲವತ್ತರ ಹತ್ತಿರದ ಒಂಟಿ ಹೆಂಗಸು. ರೆಪ್ಪೆಯ ಮೇಲೆಲ್ಲ ಹಿಟ್ಟು. ಗಿರಣಿ ಓಡುತ್ತಿತ್ತು, ಅವಳು ನಿಲ್ಲಿಸಲಿಲ್ಲ. ನಾನು ತಕ್ಕಡಿ ನೋಡಿದೆ, ಮುದ್ರೆ ಒತ್ತಿದೆ, ಅವಳ ಮುಖದ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದೆ: "ಒಂದ್ಸಲ ಮನೆಗೆ ಬನ್ನಿ!" ಹದಿನಾಲ್ಕು ಜನರಲ್ಲಿ ನಕ್ಕವಳು ಅವಳೊಬ್ಬಳೇ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಆ ಸಂಜೆ ನನ್ನ ಮನೆಯ ಬಾಗಿಲು ಮುಚ್ಚಲಿಲ್ಲ. ದೂಡಿದೆ, ಭುಜ ಕೊಟ್ಟೆ, ಬೆನ್ನು ಕೊಟ್ಟೆ. ಗೋಡೆಗೆ ಅಂಟಿಕೊಂಡು ನಿಂತಿತ್ತು. ಕೀಲಿಗೆ ಎಣ್ಣೆ ಬಿಟ್ಟೆ. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಶಿವಗಂಗಮ್ಮ ಎಂಬ ವಯಸ್ಸಾದ ಹೆಂಗಸು ಬಹಳ ಹೊತ್ತು ಸುಮ್ಮನೆ ನೋಡಿ, ಕೊನೆಗೆ ಕೂಗಿದರು.

"ಎಷ್ಟು ಜನಾನ ಕರ್ದೆ ತಾಯಿ?"

"ಯಾರನ್ನೂ ಕರೆದಿಲ್ಲ."

"ಬಾಗ್ಲು ಅಷ್ಟಗಲ ಸುಮ್ಸುಮ್ನೆ ನಿಲ್ಲಲ್ಲ. ಬನ್ನಿ ಅಂತ ಎಷ್ಟು ಜನಕ್ಕೆ ಅಂದೆ?"

ಎಣಿಸಿದೆ. "ಹದಿನಾಲ್ಕು."

ಶಿವಗಂಗಮ್ಮ ಮೊರ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡರು. "ನಮ್ಮತ್ತೆ ಜೀವಮಾನದಾಗೆ ಆರು ಜನಾನ ಕರ್ದಿದ್ಲು ಕಣೆ. ಅದ್ರಾಗೆ ಇಬ್ರು ಡಾಕ್ಟ್ರು."

ಈ ಊರಿನಲ್ಲಿ ಒಬ್ಬರನ್ನು ಬಾಯಿ ತೆರೆದು ಮನೆಗೆ ಕರೆದರೆ, ಅವರು ಬಂದು ಹೊಸಿಲು ದಾಟುವವರೆಗೆ ಕರೆದವರ ಬಾಗಿಲು ಮುಚ್ಚುವುದಿಲ್ಲ. ಅಷ್ಟೇ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಇಲ್ಲಿ ಇಬ್ಬರು ಎದುರಾದರೆ "ಇದೀರಾ?" "ಇದೀನಿ" ಎಂದು ಮುಗಿಸುತ್ತಾರೆ. ಮದುವೆಯ ಕಾಗದದಲ್ಲಿ ಇಂಥ ದಿನ ಇಂಥ ಕಡೆ ಮದುವೆ ನಡೆಯುತ್ತದೆ, ಊಟವೂ ಇರುತ್ತದೆ ಎಂದು ಮಾತ್ರ ಅಚ್ಚು ಹಾಕಿಸುತ್ತಾರೆ. ತರಕಾರಿಯವರು ಗಿರಾಕಿಗಳನ್ನು ಕೂಗುವುದಿಲ್ಲ, ತಮ್ಮ ಟೊಮೆಟೊಗಳನ್ನೇ ನೋಡಿ ನಿಟ್ಟುಸಿರು ಬಿಡುತ್ತಾರೆ. ಹಿಂದೊಮ್ಮೆ ಚುನಾವಣೆಗೆ ನಿಂತವನೊಬ್ಬ ವೇದಿಕೆಯ ಮೇಲೆ "ನಮ್ಮ ಮನೆಗೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬನ್ನಿ" ಎಂದನಂತೆ. ಗೆದ್ದ. ಅಂದಿನಿಂದ ಬಚ್ಚಲುಮನೆಯಲ್ಲಿ ಮಲಗುತ್ತಾನೆ, ಆ ಮನೆಯಲ್ಲಿ ಚಿಲಕ ಬೀಳುವುದು ಅದೊಂದಕ್ಕೇ.

ಬಾಗಿಲಿನ ಕಾಯಿದೆ ಇಷ್ಟಾದರೆ, ಅದರ ಮೇಲೆ ಜನರ ಕಾಯಿದೆ ಬೇರೆ ಇದೆ. ಕರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಕರೆದವರ ಮನೆಗೆ ಹೋದವರು ತಿರುಗಿ ಕರೆಯಬೇಕು. ಅವರು ತಿರುಗಿ ಕರೆಯದೆ ನಾವು ಎರಡನೆಯ ಸಲ ಕರೆಯುವಂತಿಲ್ಲ, ಕರೆದರೆ ಅದು ಗೋಗರೆದ ಹಾಗೆ. ತಿರುಗಿ ಕರೆದರೆ ತಮ್ಮ ಬಾಗಿಲು ಹೋಯಿತು ಎಂಬ ಭಯಕ್ಕೆ ಈ ಊರಿನವರು ಅರ್ಧ ವಾಕ್ಯದಲ್ಲಿ ಪಂಡಿತರಾಗಿದ್ದಾರೆ. "ನೀವೂ ನಮ್ಮ ಕಡೆಗೆಲ್ಲ ಎಲ್ಲಿ..." ಎಂದು ನಿಲ್ಲಿಸಿ, ಆಕಾಶ ನೋಡಿ, ಚಪ್ಪಲಿ ಮೆಟ್ಟುತ್ತಾರೆ.

ಮಾರನೆಯ ದಿನದಿಂದ ಒಬ್ಬೊಬ್ಬರೇ ಬಂದರು. ತಕ್ಕಡಿಯ ಅಧಿಕಾರಿಯ ಬಾಗಿಲನ್ನು ಬಹಳ ದಿನ ಹಾಗೆ ಬಿಡುವುದು ಯಾವ ವ್ಯಾಪಾರಿಗೂ ಒಳ್ಳೆಯದಲ್ಲ. ಎಣ್ಣೆಯವರು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಬಂದು, ಎರಡೂ ಕಾಲು ಒಳಗಿಟ್ಟು, "ಆಯ್ತಲ್ಲಮ್ಮ?" ಎಂದು ಹೊರಟರು. ಬೆಲ್ಲದವರು ಒಳಗೆ ಬಂದಾಗ ಅವರ ಹೆಂಡತಿ ಹೊರಗೆ ನಿಂತು ಅವರ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದರು. ಮೀನಿನವಳು ಬುಟ್ಟಿಯ ಸಮೇತ ಬಂದಳು. ಅವಳು ಹೋದ ಮೇಲೂ ಒಂದು ಗಂಟೆ ಬೆಕ್ಕುಗಳು ಇದ್ದವು. ಗುಜರಿಯವನು ನಡುಮನೆಯಲ್ಲಿ ನಿಂತು ನನ್ನ ಕಬ್ಬಿಣದ ಕಪಾಟನ್ನು ಕಣ್ಣಿನಲ್ಲೇ ತೂಗಿ, ತಲೆದೂಗಿ, ಹೋದ. ಒಬ್ಬೊಬ್ಬರು ಬಂದಾಗಲೂ ಬಾಗಿಲು ಕಿರ್ ಎಂದು ಸ್ವಲ್ಪ ಸರಿಯುತ್ತಿತ್ತು. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗುರುತು ಹಾಕಿದೆ. ತಲೆಗೆ ಸುಮಾರು ಆರು ಡಿಗ್ರಿ. ಹದಿಮೂರು ಜನ ಬಂದ ಮೇಲೆ ಒಂದು ಗೇಣು ಉಳಿಯಿತು. ಒಬ್ಬರಿಗೆ ಅದು ಹೆಚ್ಚೇ. ಮೂರು ಸಲ ಅಳೆದೆ, ಗೇಣೇ. ಉಳಿದವರಿಗೆ ಬಾಯಿಮಾತಿಗೆ ಹೇಳಿದ್ದೆ, ನೀಲವೇಣಿಯನ್ನು ಕೂಗಿ ಕರೆದಿದ್ದೆ. ಅದಕ್ಕೇ ಇರಬೇಕು.

ನನಗೆ ಬಾಗಿಲು ಮುಚ್ಚಬೇಕಾಗಿತ್ತು. ಮುಚ್ಚಿದ್ದರೆ ಆಫೀಸಿನಿಂದ ಬಂದು, ಚಪ್ಪಲಿ ಬಿಟ್ಟ ಜಾಗದಲ್ಲೇ ಕೂತು, ಕತ್ತಲಾಗುವವರೆಗೆ ಗೋಡೆ ನೋಡಬಹುದಿತ್ತು. ತೆರೆದ ಮನೆಯಲ್ಲಿ ಹಾಗೆ ಕೂತರೆ ದಾರಿಹೋಕರು ನಿಂತು, ಏನಿದೆಯೋ ಎಂದು ತಾವೂ ಆ ಗೋಡೆಯನ್ನೇ ನೋಡುತ್ತಿದ್ದರು. ಅವರಿಗಾಗಿ ನಾನು ಎದ್ದು ಏನಾದರೂ ಮಾಡಬೇಕಾಗುತ್ತಿತ್ತು. ಪಾತ್ರೆ ತೊಳೆದೆ. ತಲೆ ಬಾಚಿಕೊಂಡೆ. ಒಂದು ದಿನ ಒಗ್ಗರಣೆ ಹಾಕಿದೆ, ಬೀದಿಯಲ್ಲಿ ಯಾರೋ ಸೀನಿದರು.

ನೀಲವೇಣಿ ಬಂದಳು. ಆದರೆ ಒಳಗೆ ಬರಲಿಲ್ಲ. ಗಿರಣಿ ನಿಲ್ಲಿಸಿ, ಸಂಜೆ ಐದೂವರೆಗೆ, ಮುಖ ತೊಳೆದರೂ ಕಿವಿಯ ಹಿಂದೆ ಹಿಟ್ಟು ಇಟ್ಟುಕೊಂಡು ಬಂದು ಜಗಲಿಯ ಮೇಲೆ ಕೂತಳು. ನಾನು ಬಾಗಿಲ ಹಿಂದೆ ನಿಂತೆ. ಒಂದು ಗೇಣಿನ ಸಂದು ಎಂದರೆ ನನ್ನಂಥವಳಿಗೆ ಬಹಳ ಅನುಕೂಲ, ಮುಖ ಕಾಣಿಸಬೇಕಾಗಿಲ್ಲ, ಅಂಚಿನ ಮೇಲೆ ನಾಲ್ಕು ಬೆರಳು ಇಟ್ಟರೆ ಸಾಕು.

"ಒಳಗೆ ಬನ್ನಿ" ಎಂದು ಬೆರಳು ಆಡಿಸಿದೆ.

"ಇಲ್ಲೇ ಸರಿ!" ಎಂದಳು. ಅವಳದು ಗಿರಣಿಯ ದನಿ. ಮೂರು ಮನೆಯಾಚೆ ನಾಯಿ ಎದ್ದು ನಿಂತಿತು.

ಕಾಲು ಗಂಟೆ ಅವಳು ಬೀದಿ ನೋಡಿದಳು, ನಾನು ಅವಳ ಬೆನ್ನು ನೋಡಿದೆ. ಆಮೇಲೆ ಅವಳು ಎದ್ದು "ನಾಳೆ ಬರ್ತೀನಿ" ಎಂದು ಹೋದಳು. ಮಾರನೆಯ ದಿನ ಬಂದವಳು ಪ್ರಶ್ನೆಯೊಂದನ್ನು ತಯಾರಿ ಮಾಡಿಕೊಂಡು ಬಂದಿದ್ದಳು. ಕೂತ ಕೂಡಲೇ ಕೇಳಿದಳು:

"ನಿಮಗೆ ಹಾಗಲಕಾಯಿ ಆಗತ್ತಾ?"

ಒಂದೂವರೆ ವರ್ಷದಿಂದ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಆಗುತ್ತದೆ, ಆದರೆ ಬೆಲ್ಲ ಹಾಕಿದರೆ ಆಗುವುದಿಲ್ಲ, ಬೆಲ್ಲ ಹಾಕಿದರೆ ಅದು ಹಾಗಲಕಾಯಿಗೆ ಮಾಡಿದ ಅವಮಾನ ಎಂದೆ. "ಹೂಂ" ಎಂದಳು. ಅಂದಿನಿಂದ ದಿನಕ್ಕೊಂದು ಪ್ರಶ್ನೆ. ಹಲ್ಲಿ ಮೈಮೇಲೆ ಬಿದ್ದಿದೆಯಾ? ರೈಲಿನಲ್ಲಿ ಯಾವ ಕಡೆ ಕೂರುತ್ತೀರಿ? ಎಂ.ಎಸ್ಸಿ.ಯಲ್ಲಿ ಏನು ಕಲಿಸುತ್ತಾರೆ? ಅವಳು ಪ್ರಶ್ನೆ ಕೇಳುತ್ತಿದ್ದಳು, ನಾನು ಬಾಗಿಲ ಹಿಂದಿನಿಂದ ಉತ್ತರ ಹೇಳುತ್ತಿದ್ದೆ, ಅವಳು "ಹೂಂ" ಎನ್ನುತ್ತಿದ್ದಳು. ಎಷ್ಟು ಸರಿಯಾದ ಜಾಗದಲ್ಲಿ ಹೂಂ ಎನ್ನುತ್ತಿದ್ದಳೆಂದರೆ ನಾನು ದಿನದಿಂದ ದಿನಕ್ಕೆ ಉದ್ದುದ್ದ ಹೇಳತೊಡಗಿದೆ.

ಬೀದಿಗೆ ಮಾತ್ರ ಕಷ್ಟವಾಯಿತು. ಅವಳ ಪ್ರಶ್ನೆ ಕೊನೆಯ ಮನೆಗೂ ಕೇಳಿಸುತ್ತಿತ್ತು, ನನ್ನ ಉತ್ತರ ಯಾರಿಗೂ ಕೇಳಿಸುತ್ತಿರಲಿಲ್ಲ. ಜನ ಕುರ್ಚಿ ತಂದು ಹಾಕಿಕೊಂಡು ಕೂತರೂ ಅರ್ಧವೇ ಸಿಕ್ಕಿದ್ದು. ಉಳಿದರ್ಧವನ್ನು ಅವರೇ ತುಂಬಿಕೊಂಡರು. "ನಿಮ್ಮ ಯಜಮಾನ್ರು ಎತ್ತರ ಇದ್ರಾ?" ಎಂದು ಅವಳು ಕೇಳಿದ ಮಾರನೆಯ ದಿನ ಹಾಲೇಶ ಫೈಲು ಕೊಡುತ್ತ, "ಪಾಪ, ಸಾರ್ ಬಾಗಿಲಿಗೆ ತಲೆ ತಗುಲಿ ಹೋದ್ರಂತೆ" ಎಂದ. ಇಲ್ಲ ಎನ್ನಲಿಲ್ಲ. ನಿಜವಾದ ಕಾರಣ, ಆಫೀಸಿನ ಮೆಟ್ಟಿಲ ಮೇಲೆ ನಿಂತುಹೋದ ಎದೆ, ಇದಕ್ಕಿಂತ ನಂಬುವಂಥದ್ದೇನೂ ಆಗಿರಲಿಲ್ಲ.

ಶಿವಗಂಗಮ್ಮನಿಗೆ ಇದು ಸರಿಬರಲಿಲ್ಲ. ನೀಲವೇಣಿ ಬಂದ ಮೂರನೆಯ ದಿನವೇ ನನಗೆ ಕೈಸನ್ನೆ ಮಾಡಿ, ತಮ್ಮ ಹೊಸಿಲಿನಾಚೆ ನಿಲ್ಲಿಸಿಕೊಂಡು ಹೇಳಿದರು:

"ಬೇಕೂಂತಲೇ ಆಟ ಆಡ್ಸ್ತಾಳೆ ಕಣೆ ನಿನ್ನ. ಒಂದು ಹೆಜ್ಜೆ ಇಟ್ರೆ ಮುಗೀತು. ಇಡಲ್ಲ. ಗಿರಣಿಯೋರ ಬುದ್ಧಿ, ಎಲ್ಲಾನೂ ನುಣ್ಣಗೆ ಅರೀಬೇಕು."

"ಏನು ಮಾಡಲಿ?"

"ಆಫೀಸರ್ ಅಲ್ವಾ ನೀನು? ತಕ್ಕಡಿ ತಗೊಂಡು ಮನೇ ಒಳಗೆ ಬಾ ಅಂತ ಆರ್ಡ್ರು ಮಾಡು."

ಮಾಡಿದೆ. ನೀಲವೇಣಿ ತಕ್ಕಡಿ ತಂದು, ತಟ್ಟೆ ಬಿಚ್ಚಿ, ಒಂದೊಂದೇ ಭಾಗವನ್ನು ಸಂದಿನಲ್ಲಿ ತೂರಿಸಿದಳು. ನಾನು ಒಳಗೆ ಜೋಡಿಸಿ, ನೋಡಿ, ಬಿಚ್ಚಿ, ವಾಪಸ್ ತೂರಿಸಿದೆ. ಇಬ್ಬರಿಗೂ ಅದು ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ ಮಾಡಿದೆವು.

"ಹಂಗಾದ್ರೆ ನೀನು ಬಿದ್ದುಬಿಡು" ಎಂದರು ಶಿವಗಂಗಮ್ಮ. "ಒಳಗೆ ನೆಲದ ಮೇಲೆ. ನಾನು ಇಲ್ಲಿಂದ ಬಾಯಿ ಬಡ್ಕೋತೀನಿ. ಅವ್ಳು ಓಡಿ ಬರಲೇಬೇಕು, ಮನುಷ್ಯಳಾಗಿದ್ರೆ. ಮುಂದಿನ ತಿಂಗಳು ಮೊದ್ಲನೇ ಗುರುವಾರ ಇಟ್ಕೊಳ್ಳಾಣ. ನನ್ ತಂಗಿ ಬಂದಿರ್ತಾಳೆ, ಅವ್ಳು ಚೆನ್ನಾಗಿ ಬಡ್ಕೋತಾಳೆ." ನಾನು ತಲೆಯಾಡಿಸಿದೆ. ಆಗ ನನಗೆ ಬಾಗಿಲು ಮುಚ್ಚಬೇಕಾಗಿತ್ತು.

ಅದು ಯಾವ ದಿನ ಬೇಡವಾಯಿತೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಗಡಿಯಾರ ನೋಡಿ, ಐದೂವರೆಗೆ ಇನ್ನೆಷ್ಟು ಹೊತ್ತಿದೆ ಎಂದು ಎಣಿಸಿದೆ. ಮೈ ಮರಗಟ್ಟಿದ ಜಾಗಕ್ಕೆ ಮತ್ತೆ ರಕ್ತ ಹರಿದಾಗ ಇರುವೆ ಕಚ್ಚಿದಂತಾಗುತ್ತದಲ್ಲ, ಹಾಗಾಯಿತು. ಹಿತವೇನೂ ಆಗಿರಲಿಲ್ಲ.

ಇಪ್ಪತ್ತೆರಡನೆಯ ಸಂಜೆ ನೀಲವೇಣಿ ಪ್ರಶ್ನೆ ಕೇಳಲಿಲ್ಲ. ಕಾಲು ಇಳಿಬಿಟ್ಟು ಕೂತು, ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು:

"ಒಳಗೆ ಬಂದ್ರೆ ಬಾಗ್ಲು ಹಾಕ್ಕೊಳತ್ತೆ. ಆಮೇಲೆ ದಿನಾ ಬರೋಕೆ ನಂಗೇನು ನೆಪ? ಅದಕ್ಕೇ ಬರ್ತಿಲ್ಲ."

ಎದುರು ಸಾಲಿನ ಕುರ್ಚಿಗಳೆಲ್ಲ ಒಂದು ಗೇಣು ಮುಂದೆ ಸರಿದವು.

"ನಿಮ್ಮನ್ನ ತಿರುಗಿ ಕರ್ಯೋಣ ಅಂದ್ರೆ ನನ್ ಬಾಗ್ಲು ಆಗ್ಲೇ ಕೆಟ್ಟಿದೆ. ಒಂಬತ್ತು ವರ್ಷ ಆಯ್ತು. ಒಬ್ರನ್ನ ಕರ್ದಿದ್ದೆ. ಬರ್ಲಿಲ್ಲ. ಬಂದ್ರೆ ಗಿರಣಿಯೋಳನ್ನ ತಿರುಗಿ ಕರೀಬೇಕಲ್ಲ. ಗೋಣಿತಾಟು ಕಟ್ಕೊಂಡು ಬದುಕ್ತಿದೀನಿ. ಎದುರು ಮನೇಲೇ ಇದಾರೆ ಅವ್ರು."

ಎದುರು ಜಗಲಿಯಲ್ಲಿ ಕುರ್ಚಿಯೊಂದು ಗರಗರ ಎಂದಿತು. ಶಿವಗಂಗಮ್ಮ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಬಾಗಿಲು ಬಹಳ ಚೆನ್ನಾಗಿ ಮುಚ್ಚುತ್ತದೆ.

ನಾನು ಏನಾದರೂ ಹೇಳಬೇಕಿತ್ತು. ಬಾಗಿಲ ಹಿಂದಿನಿಂದ, ನೀವು ಹೀಗೇ ಬನ್ನಿ, ಒಳಗೆ ಬರಬೇಡಿ, ಎಂದೆ. "ಹೂಂ" ಎಂದಳು.

ಬೆಳಗ್ಗೆ ಶಿವಗಂಗಮ್ಮ ನನ್ನನ್ನು ನೀರು ಹಿಡಿಯುವಲ್ಲಿ ಹಿಡಿದರು. "ಗುರುವಾರ ಜ್ಞಾಪಕ ಐತಲ್ಲ? ಆರು ಗಂಟೆಗೆ. ನನ್ ತಂಗಿ ಬಂದಾಳೆ. ನೀನು ಮಲಗಿದ್ರೆ ಸಾಕು."

ಬೇಡ ಎನ್ನಬೇಕಿತ್ತು. ಎರಡಕ್ಷರ. ಆದರೆ ಅವರು ನನ್ನ ಕೊಡವನ್ನು ತಮ್ಮದಕ್ಕಿಂತ ಮೊದಲು ನಲ್ಲಿಯ ಕೆಳಗಿಟ್ಟಿದ್ದರು, ತಂಗಿ ಎರಡು ಬಸ್ಸು ಬದಲಿಸಿ ಬಂದಿದ್ದರು, ಆ ತಂಗಿಯೂ ಪಕ್ಕದಲ್ಲೇ ನಿಂತು, ಹೇಗೆ ಬಡಿದುಕೊಳ್ಳಬೇಕೆಂದು ಸಣ್ಣ ದನಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಇಷ್ಟು ಜನರ ಉತ್ಸಾಹದ ಮುಂದೆ ಬೇಡ ಎನ್ನುವುದು ಹೇಗೆಂದು ನನಗೆ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸಿರಲಿಲ್ಲ. "ಆರಕ್ಕಾ?" ಎಂದು ಕೇಳಿದೆ, ಅಷ್ಟೇ. ಗುರುವಾರ ಮಳೆ ಬರಲಿ ಎಂದು ಕಾದೆ. ಬಿಸಿಲು ಕಾಯಿತು.

ಗುರುವಾರ ಆರಕ್ಕೆ ನಾನು ಅಡುಗೆಮನೆಯ ನೆಲ ಒರೆಸಿ ಮಲಗಿದೆ. ಜಗಲಿಯಲ್ಲಿ ನೀಲವೇಣಿ ಅಂದಿನ ಪ್ರಶ್ನೆ ಕೇಳಿ ಕಾಯುತ್ತಿದ್ದಳು: "ಬೆಟ್ಟ ಇಷ್ಟಾನೋ ನದಿ ಇಷ್ಟಾನೋ?" ಅಷ್ಟರಲ್ಲಿ ಎದುರು ಮನೆಯಿಂದ ಜೋಡಿ ಕೂಗು ಎದ್ದಿತು. "ಅಯ್ಯಯ್ಯೋ! ಮೇಡಮ್ಮು ಬಿದ್ದೋದ್ರಲ್ಲಪ್ಪೋ! ಕಿಟಕೀಲಿ ಕಂಡೆ! ಉಸ್ರೇ ಇಲ್ಲ!" ತಂಗಿ ನಿಜಕ್ಕೂ ಚೆನ್ನಾಗಿ ಬಡಿದುಕೊಂಡರು.

ಬಾಗಿಲು ಧಡಾರನೆ ತೆರೆಯಿತು. ಬರಿಗಾಲು ಓಡಿ ಬಂದವು. ನೀಲವೇಣಿ ನನ್ನ ಪಕ್ಕದಲ್ಲಿ ಮೊಣಕಾಲೂರಿ, ನನ್ನ ಮೂಗಿನ ಮುಂದೆ ಬೆರಳು ಹಿಡಿದಳು. ಹಿಂದಿನಿಂದ ಸದ್ದು ಬಂತು. ಮೆಲ್ಲಗೆ, ಎಣ್ಣೆ ಹಾಕಿದ ಕೀಲಿನ ಮೇಲೆ, ಬಾಗಿಲು ತಾನಾಗಿಯೇ ಬಂದು ಚೌಕಟ್ಟಿಗೆ ಕೂತಿತು. ನಾನು ಕಣ್ಣು ತೆರೆದೆ. ಅವಳು ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಆಯ್ತಲ್ಲ ನಿಮ್ ಕೆಲ್ಸ" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎದ್ದು, ಬಾಗಿಲು ತೆರೆದುಕೊಂಡು ಹೋದಳು. ಹೋಗುವಾಗ ಅದನ್ನು ಎಳೆದುಕೊಂಡು ಹೋದಳು.

ಬಾಗಿಲು ಮುಚ್ಚಿತ್ತು. ಚಿಲಕ ಹಾಕಿದೆ, ಬಿತ್ತು. ಚಪ್ಪಲಿ ಬಿಟ್ಟ ಜಾಗದಲ್ಲಿ ಕೂತು ಗೋಡೆ ನೋಡಿದೆ. ಎಂಟು ದಿನ ನೋಡಿದೆ. ಆ ಗೋಡೆಯಲ್ಲಿ ಏನೂ ಇಲ್ಲ. ಐದೂವರೆಗೆ ಎದ್ದು ಬಾಗಿಲು ಒಂದು ಗೇಣು ತೆರೆದು ಅಂಚಿಗೆ ಬೆರಳಿಟ್ಟು ನಿಲ್ಲುತ್ತಿದ್ದೆ. ಜಗಲಿ ಖಾಲಿ. ಶಿವಗಂಗಮ್ಮ ಎದುರಿನಿಂದ, "ಈಗ ನೆಮ್ಮದಿ ಅಲ್ವಾ ತಾಯಿ?" ಎಂದು ಕೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ನನ್ನ ಹೂಂ ಸರಿಯಾದ ಜಾಗದಲ್ಲಿ ಬೀಳುತ್ತಿರಲಿಲ್ಲ.

ಅವಳನ್ನು ಮತ್ತೆ ಕರೆಯುವಂತಿಲ್ಲ. ಅವಳು ನನ್ನನ್ನು ಕರೆಯುವುದಿಲ್ಲ. ಈ ಊರಿನ ಲೆಕ್ಕದಲ್ಲಿ ನಮ್ಮಿಬ್ಬರ ವ್ಯವಹಾರ ಮುಗಿದಿತ್ತು. ಒಂಬತ್ತನೆಯ ದಿನ ಬೆಳಗ್ಗೆ ನಾನು ಸೀರೆ ಬದಲಿಸಿ ಹೊರಟೆ. ಗಿರಣಿಯ ರಸ್ತೆ ಹಿಡಿದಾಗ ಎಣ್ಣೆಯವರು ಅಂಗಡಿಯಿಂದ ಬಗ್ಗಿ ನೋಡಿದರು.

"ತಪಾಸಣೆನಾ ಮೇಡಂ?"

"ಇಲ್ಲ. ನೀಲವೇಣಿಯವರ ಮನೆಗೆ."

"ಕರ್ದಿದಾರಾ?"

"ಇಲ್ಲ."

ಅವರ ಅಳತೆಪಾತ್ರೆ ಮತ್ತೆ ತುಂಬಿ ಸುರಿಯಿತು.

ಗಿರಣಿಗೆ ಅಂದು ರಜ. ಮನೆ ಅದರ ಹಿಂದೆಯೇ, ನಡುವೆ ಗೋಡೆ ಇಲ್ಲ. ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಬಾಗಿಲ ಜಾಗದಲ್ಲಿ ಗೋಣಿತಾಟು. ಬಾಗಿಲಿಲ್ಲದ ಕಡೆ ಹೇಗೆ ತಟ್ಟುವುದು? ತಾಟನ್ನು ತಟ್ಟಿದೆ, ಒಂದು ಬೊಗಸೆ ಹಿಟ್ಟು ನನ್ನ ಮೇಲೆ ಬಿತ್ತು. ತಾಟು ಸರಿಸಿ ಒಳಗೆ ಹೋದೆ. ನೀಲವೇಣಿ ನೆಲದ ಮೇಲೆ ಕೂತು ರಾಗಿ ಆರಿಸುತ್ತಿದ್ದವಳು ತಲೆಯೆತ್ತಿದಳು.

"ಯಾರು ಕರ್ದ್ರು?"

"ಯಾರೂ ಕರೆದಿಲ್ಲ."

"ಮತ್ತೆ?"

"ಬಂದೆ."

"ಹಂಗೆಲ್ಲ ಬರೋ ಹಂಗಿಲ್ಲ."

"ಗೊತ್ತು."

ಅವಳು ಬಾಗಿಲನ್ನು ನೋಡಿದಳು, ಏನಾದರೂ ಆಗಬಹುದೆಂದು. ನಾನೂ ನೋಡಿದೆ. ಕರೆಯದೆ ಬಂದವರಿಗೆ ಬಾಗಿಲು ಏನು ಮಾಡಬೇಕೆಂದು ಅದಕ್ಕೂ ಯಾರೂ ಹೇಳಿಕೊಟ್ಟಿರಲಿಲ್ಲ. ಸುಮ್ಮನೆ ನಿಂತಿತ್ತು.

"ಅವತ್ತು ನಾನು ಬಿದ್ದಿರಲಿಲ್ಲ" ಎಂದೆ.

"ಬಿದ್ದೋರು ಸೆರಗು ಸರಿಮಾಡ್ಕೊಂಡು, ಕಾಲು ಜೋಡ್ಸ್ಕೊಂಡು ಮಲಗಿರಲ್ಲ."

"ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಶಿವಗಂಗಮ್ಮನವರಿಗೆ."

ಅವಳು ಸ್ವಲ್ಪ ಹೊತ್ತು ರಾಗಿಯಲ್ಲಿ ಕಲ್ಲು ಹುಡುಕಿದಳು. "ಅವ್ಳಿಗೆ ಬೇಡ ಅನ್ನೋಕೆ ಯಾರಿಗೂ ಬರಲ್ಲ" ಎಂದಳು. "ನಾನೇನು ಆಸೆಪಟ್ಟು ಕರ್ದೆ ಅಂದ್ಕೊಂಡ್ರಾ? ರಸ್ತೇಲಿ ನಿಲ್ಲಿಸಿ, 'ಏನೇ, ಮನೇಗೆ ಕರ್ಯಲ್ವೇನೇ ನನ್ನ' ಅಂತ ಅವ್ಳೇ ಕೇಳಿದ್ದು."

ನನಗೆ ನಗು ಬಂತು, ತಡೆದೆ. ಅವಳಿಗೂ ಬಂತು, ಅವಳೂ ತಡೆದಳು. ಆಮೇಲೆ ಮಾತಿಲ್ಲದ ಆ ಹಳ್ಳ ಮತ್ತೆ ಬಂತು. ನಾನು ನಿಂತೇ ಇದ್ದೆ. ಅವಳು ಎದ್ದಳು. ಒಂಬತ್ತು ವರ್ಷದಿಂದ ಅತಿಥಿ ಕಾಣದ ಮನೆ. ಲೋಟ ಒಂದೇ, ಮಣೆ ಒಂದೇ. ಅವಳು ಲೋಟ ಎತ್ತಿಕೊಂಡಳು, ಇಟ್ಟಳು, ಮಣೆ ಕೊಡಹಿದಳು, ಅದನ್ನೂ ಇಟ್ಟಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಕೇಳಿದಳು:

"ಗಿರಣಿ ಹಾಕ್ಲಾ?"

ಬೇರೆಯವರು ಕಾಫಿಗೆ ಇಡುತ್ತಾರೆ. "ಹಾಕಿ" ಎಂದೆ.

ಆರಿಸಿದ ಎರಡು ಸೇರು ರಾಗಿಯನ್ನು ಮೇಲಿನ ಡಬ್ಬಕ್ಕೆ ಸುರಿದು ಗುಂಡಿ ಒತ್ತಿದಳು. ಪಟ್ಟಿ ತಿರುಗಿತು, ಕಲ್ಲು ಗುಡುಗಿತು, ನೆಲ ನಡುಗಿತು. ಗೋಧಿಯ ಚೀಲವೊಂದರ ಮೇಲೆ ನಾನು ಕೂತೆ, ಎದುರಿನ ಚೀಲದ ಮೇಲೆ ಅವಳು. ಅಂಥ ಸದ್ದಿನಲ್ಲಿ ಯಾರೂ ಮಾತಾಡಬೇಕಾಗಿಲ್ಲ. ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಇರಬೇಕು, ನಾನು ಮಾತಾಡಿದೆ. ಚಿದಂಬರ ಸತ್ತ ದಿನ ಬೆಳಗ್ಗೆ ತಿಂಡಿ ತಿನ್ನುತ್ತ ಒಂದೇ ಸಮನೆ ಮಾತಾಡುತ್ತಿದ್ದ. ಅವನು ಯಾವಾಗಲೂ ಮಾತಾಡುತ್ತಿದ್ದ. ನಮ್ಮಿಬ್ಬರ ಪಾಲಿನದನ್ನೂ ಅವನೇ ಮಾತಾಡುತ್ತಿದ್ದ, ಬಂದವರೊಡನೆ ಅವನು ಹರಟಿದರೆ ನಾನು ಒಳಗೆ ಆರಾಮಾಗಿ ಇರಬಹುದಿತ್ತು. ಅಂದು ನನಗೆ ತಲೆನೋವು. ಒಂದು ದಿನ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ವಾ ನಿಮಗೆ, ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಸಂಜೆಯ ಹೊತ್ತಿಗೆ ಮುಚ್ಚಿಕೊಂಡಿದ್ದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಅಮ್ಮನಿಗೂ ಹೇಳಿರಲಿಲ್ಲ. ಗಿರಣಿಗೆ ಹೇಳಿದೆ. ನೀಲವೇಣಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

ರಾಗಿ ಮುಗಿಯಿತು. ಅವಳು ಎದ್ದು ಗುಂಡಿ ಆರಿಸಿದಳು. ಪಟ್ಟಿ ನಿಧಾನವಾಗಿ, ನಿಧಾನವಾಗಿ, ನಿಂತಿತು.

"ಮುಚ್ಕೊಂಡ್ರಾ?" ಎಂದಳು.

"ಏನು?"

"ಬಾಯಿ. ಅವರು. ಅವತ್ತು ಪೂರ್ತಿ ಮುಚ್ಕೊಂಡಿದ್ರಾ?"

ನಾನು ಬೆಚ್ಚಿದೆ. "ಕೇಳಿಸ್ತಾ ನಿಮಗೆ?"

"ಗಿರಣಿಯೋರು ಕಿವೀಲಿ ಕೇಳಲ್ಲ, ತುಟಿ ನೋಡ್ತಾರೆ. ಚಿಕ್ಕಂದಿನಿಂದ ಇದೇ ಸದ್ದು, ಕಿವಿ ಅರ್ಧ ಹೋಗಿದೆ."

"ಹಾಗಾದ್ರೆ ಜಗಲಿ ಮೇಲೆ? ನಾನು ಬಾಗಿಲ ಹಿಂದೆ ನಿಂತಿರ್ತಿದ್ನಲ್ಲ?"

"ಅದೊಂದಕ್ಷರಾನೂ ಗೊತ್ತಾಗ್ಲಿಲ್ಲ."

"ಅಷ್ಟೂ ದಿನ?"

"ಒಂದಕ್ಷರಾನೂ ಇಲ್ಲ."

"ಹಾಗಲಕಾಯಿ?"

"ಆಗತ್ತಾ ನಿಮಗೆ?"

"ಮತ್ತೆ ಹೂಂ ಅಂತಿದ್ರಿ?"

"ಬಾಗ್ಲ ಅಂಚಲ್ಲಿ ನಿಮ್ ಬೆರಳು ಕಾಣ್ತಿದ್ವು. ಮಾತಾಡೋವಾಗ ಕುಣೀತಿದ್ವು. ನಿಂತಾಗ ಹೂಂ ಅಂತಿದ್ದೆ." ಅವಳು ಸೆರಗಿನಿಂದ ಕತ್ತಿನ ಹಿಟ್ಟು ಒರೆಸಿಕೊಂಡಳು. "ಕೇಳಿಸ್ತಿಲ್ಲ ಅಂದ್ರೆ ಎಲ್ಲಿ ನಿಲ್ಲಿಸಿಬಿಡ್ತೀರೋ ಅಂತ. ಅದಿರ್ಲಿ. ಮುಚ್ಕೊಂಡ್ರಾ ಇಲ್ವಾ ಹೇಳಿ."

ಯೋಚಿಸಿದೆ. ಆ ದಿನವನ್ನು ನಾನು ಯಾವಾಗಲೂ ಬೆಳಗಿನಿಂದ ಸಂಜೆಗೆ ಒಂದೇ ನೆಗೆತದಲ್ಲಿ ದಾಟುತ್ತಿದ್ದೆ. ನಡುವೆ ಮಧ್ಯಾಹ್ನವೊಂದು ಇತ್ತು.

"ಇಲ್ಲ" ಎಂದೆ. "ಮೂರು ಸಲ ಫೋನ್ ಮಾಡಿದ್ರು. ಸೌತೆಕಾಯಿ ತರಲಾ ಅಂತ ಒಂದ್ಸಲ. ತರಬೇಕೋ ಬೇಡವೋ ಮರೆತುಹೋಯ್ತು ಅಂತ ಇನ್ನೊಂದ್ಸಲ. ಮೂರನೇ ಸಲ ಆಫೀಸಿನಲ್ಲಿ ಯಾರೋ ಹೇಳಿದ ಜೋಕು. ಅರ್ಧಕ್ಕೇ ಅವರಿಗೇ ನಗು ಬಂದು, ಸಂಜೆ ಹೇಳ್ತೀನಿ ಅಂತ ಇಟ್ರು."

ನೀಲವೇಣಿ ಇದನ್ನು ತೂಗಿ ನೋಡಿದಳು. ಅವಳ ತಕ್ಕಡಿಯಲ್ಲಿ ನಾನು ಒಂದು ದಿನವೂ ತಪ್ಪು ಕಂಡಿಲ್ಲ.

"ಹಂಗಾದ್ರೆ ಅವರು ನಿಮ್ ಮಾತಿಗೆ ಕಿವೀನೇ ಕೊಟ್ಟಿಲ್ಲ ಕಣ್ರೀ" ಎಂದಳು, ಇಡೀ ರಸ್ತೆಗೆ ಕೇಳುವಂತೆ. "ಸುಮ್ನೆ ಒಂದೂವರೆ ವರ್ಷ ನೀವೊಬ್ರೇ ಅದನ್ನ ಇಟ್ಕೊಂಡು ಕೂತಿದೀರಿ."

ನಾನು ನಕ್ಕೆ. ನಗು ಎಲ್ಲಿಂದಲೋ ಒಣಗಿದ ಕೊಳವೆಯಲ್ಲಿ ಬಂದ ನೀರಿನ ಹಾಗೆ, ಮೊದಲು ಗಾಳಿ, ಆಮೇಲೆ ಕೆಸರು, ಬಂತು. ಕಣ್ಣಲ್ಲೂ ಬಂತು. ಹೊರಗೆ ಯಾರೋ ಗೋಣಿತಾಟಿನ ಹತ್ತಿರ ಕೆಮ್ಮಿದರು. ಎಣ್ಣೆಯವರಿರಬೇಕು. ಅವರ ಹಿಂದೆ ಇನ್ನೂ ನಾಲ್ಕಾರು ಕಾಲುಗಳು ಕಾಣುತ್ತಿದ್ದವು. ಒಳಗೆ ಬರಲು ಯಾರಿಗೂ ಧೈರ್ಯವಿರಲಿಲ್ಲ, ಯಾರನ್ನೂ ಕರೆದಿರಲಿಲ್ಲವಲ್ಲ.

ನೀಲವೇಣಿ ಆ ಕಡೆ ನೋಡಲಿಲ್ಲ. ಮೂಲೆಯಿಂದ ಇನ್ನೊಂದು ಮೊರ ಎಳೆದುಕೊಂಡು ನನ್ನ ಮುಖಕ್ಕೆ ಸರಿಯಾಗಿ ಕೂತಳು.

"ಇನ್ನೂ ಮೂರು ಸೇರು ಐತೆ" ಎಂದಳು. "ಹಾಕ್ಲಾ?"